ಮೊದಲು ಕೂತವರ ಕುರ್ಚಿ

ನೈರೋಬಿಯಲ್ಲಿ ಕನ್ನಡ ಕೂಟ ಕಟ್ಟೋಣವೆಂದು ಎಲ್ಲರ ಬೆನ್ನು ಬಿದ್ದವಳು ನಾನು. ಮೊದಲ ಅಧ್ಯಕ್ಷೆಯೂ ನಾನೇ ಆಗಬೇಕೆಂಬ ಆಸೆ ಬೇಕಾದಷ್ಟಿತ್ತು, ಸುಳ್ಳೇಕೆ ಹೇಳಲಿ! ಜನರೂ ಅದನ್ನೇ ಹೇಳುತ್ತಿದ್ದರು. "ಚುನಾವಣೆ ಗಿನಾವಣೆ ಯಾಕೆ ಮೇಡಂ, ಅವಿರೋಧ ಆಯ್ಕೆ ಅಂತ ಬರ್ಕೊಂಬಿಡಿ. ಕಮಿಟೀನೂ ನೀವೇ ಮಾಡ್ಕೊಳ್ಳಿ. ನಮಗೆಲ್ಲಿ ಟೈಮು?" ನಮ್ಮವರ ಚಾಳಿಯೇ ಇದು. ಸಿಕ್ಕಿದವರಿಗೆ ಹಾರ ಹಾಕಿ ಎಲ್ಲವನ್ನೂ ಅವರ ತಲೆಗೆ ಕಟ್ಟುತ್ತಾರೆ, ಆಮೇಲೆ ಹಿಂದಿನಿಂದ ಗೊಣಗುತ್ತಾರೆ.

ಸಭೆಯ ಹಿಂದಿನ ದಿನ ಕಿಲಿಮಾನಿ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಕೂಟದ ನಿಯಮಗಳನ್ನು ಟೈಪು ಮಾಡುತ್ತಿದ್ದೆ. ಕನ್ನಡ ಕೂಟದ್ದಾದರೂ ಇಂಗ್ಲಿಷಿನಲ್ಲಿ! ಎದುರಿಗೆ ಮಗಳು ಶಾಲೆಯ ಹೋಮ್‌ವರ್ಕು ಹಿಡಿದು ಕೂತಿದ್ದಳು: ಈ ದೇಶದ ಮೊದಲ ಅಧ್ಯಕ್ಷರು ಸರ್ಕಾರವನ್ನು ಹೇಗೆ ರೂಪಿಸಿದರು? ಕೇಳಿದರೆ ಎಂದಿನಂತೆ ಇಂಗ್ಲಿಷಿನಲ್ಲೇ ವಿವರಿಸಿದಳು. ಸ್ವಾತಂತ್ರ್ಯ ಬಂದಾಗ ಪ್ರಾಂತ್ಯಗಳಿಗೂ ತಮ್ಮದೇ ಅಧಿಕಾರ ಇತ್ತಂತೆ. ವರ್ಷ ಕಳೆಯುವಷ್ಟರಲ್ಲಿ ಪ್ರಧಾನಿಯೇ ಅಧ್ಯಕ್ಷರಾದರು, ಪ್ರಾಂತ್ಯಗಳ ಅಧಿಕಾರ ರಾಜಧಾನಿಗೆ ಬಂತು. ಹೊಸ ದೇಶ ಒಡೆಯದಿರಲು ಒಂದು ಗಟ್ಟಿ ಕೈ ಬೇಕೆಂದು ಬಹಳ ಜನ ನಂಬಿದ್ದರು. ನಂತರ ಬಂದವರಿಗೂ ಅದೇ ದೊಡ್ಡ ಕುರ್ಚಿ ಸಿಕ್ಕಿತು. ಅದನ್ನು ಚಿಕ್ಕದು ಮಾಡುವ ಹೊಸ ಸಂವಿಧಾನಕ್ಕೆ ದಶಕಗಳೇ ಹಿಡಿದವು.

"ತಪ್ಪು ಅವರೊಬ್ಬರದೇನಾ?" ಎಂದೆ.

ಅಧಿಕಾರ ಬಿಟ್ಟುಕೊಟ್ಟವರೂ ಇದ್ದರಲ್ಲ ಎಂದಳು. ಆಮೇಲೆ ನನ್ನ ಲ್ಯಾಪ್‌ಟಾಪಿನತ್ತ ಬಗ್ಗಿ, "ಅಮ್ಮಾ, ದಟ್ಸ್ ಯೂ!" ಎಂದು ನಕ್ಕಳು. ಸಮಿತಿಯನ್ನು ಅಧ್ಯಕ್ಷರೇ ನೇಮಿಸತಕ್ಕದ್ದು ಎಂದು ನಾನು ಬರೆದಿದ್ದೆ.

ಮೈಯೆಲ್ಲ ಉರಿಯಿತು. "ಹೋಗೇ, ನಿನ್ನ ಕೆಲಸ ನೀನು ನೋಡ್ಕೋ," ಎಂದು ಗದರಿದೆ. ಆದರೆ ಆ ಸಾಲು ಕಣ್ಣಿಗೆ ಚುಚ್ಚುತ್ತಲೇ ಇತ್ತು. ನಾವು ಕಂಪನಿ ಕಳಿಸಿದಲ್ಲಿಗೆ ಹೋಗುವ ಜನ. ನಾನು ಹೊರಟ ಮೇಲೆ ಆ ಕುರ್ಚಿಯಲ್ಲಿ ಯಾರು ಬಂದು ಕೂರುತ್ತಾರೋ ಯಾರಿಗೆ ಗೊತ್ತು? ಆ ಸಾಲನ್ನು ಅಳಿಸಿದೆ. ಅಧ್ಯಕ್ಷರನ್ನೂ ಸಮಿತಿಯನ್ನೂ ಪ್ರತಿ ವರ್ಷ ಸದಸ್ಯರೇ ಆರಿಸಬೇಕು ಎಂದು ಬರೆದೆ.

ಮರುದಿನ ವೆಸ್ಟ್‌ಲ್ಯಾಂಡ್ಸ್‌ನ ಹೋಟೆಲೊಂದರಲ್ಲಿ ಅದನ್ನು ಓದಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. "ಯಾರಾದ್ರೂ ನಿಲ್ಲೋರಿದೀರಾ?" ಎಂದೆ. ಯಾರೂ ಏಳುವುದಿಲ್ಲವೆಂಬ ಧೈರ್ಯ ಒಳಗೊಳಗೇ ಇತ್ತು. ಅದುವರೆಗೆ ಬಾಯಿ ಬಿಡದೆ ಕೂತಿದ್ದ ಮಂಗಳೂರಿನ ಆಂಟಿಯೊಬ್ಬರು ಕೈ ಎತ್ತಿದರು.

"ನೀವು ಕೇಳಿದ್ರಲ್ಲ ಮಾರಾಯ್ರೆ. ನಾನು ನಿಲ್ತೇನೆ."

ಎಲ್ಲರೂ ಮತದ ಚೀಟಿ ಹಾಕಿದರು. ಆಂಟಿ ಗೆದ್ದರು. ಮೇಡಂ ಮೇಡಂ ಎನ್ನುತ್ತಿದ್ದವರಲ್ಲೂ ಕೆಲವರು ಅವರಿಗೇ ಹಾಕಿರಬೇಕು. ನನಗೆಂದು ತಂದಿದ್ದ ಹಾರ ಮೇಜಿನ ಮೇಲಿತ್ತು. ಬೇರೆ ಯಾರೂ ಮುಟ್ಟಲಿಲ್ಲ, ನಾನೇ ತೆಗೆದು ಅವರ ಕೊರಳಿಗೆ ಹಾಕಿದೆ. ನಗುವುದಕ್ಕೆ ಬಹಳ ಕಷ್ಟವಾಯಿತು.

ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ, ಸಭೆಗೆ ನನ್ನ ಜೊತೆ ಬಂದಿದ್ದ ಮಗಳು ನನ್ನ ಕೈ ಹಿಡಿದುಕೊಂಡು, ಚುನಾವಣೆಯ ಮಾತು ಬರೆಯದೆ ಆ ಹಳೇ ಸಾಲನ್ನು ಹಾಗೇ ಬಿಡಬೇಕಿತ್ತಾ ಎಂದು ಕೇಳಿದಳು.

"ಹೊಟ್ಟೆ ಉರೀತಿದೆ ಕಣೇ," ಎಂದೆ. "ಆದ್ರೆ ಬರೋ ವರ್ಷ ನಾನು ನಿಲ್ತೀನಿ. ಪ್ರತಿ ವರ್ಷ ಚುನಾವಣೆ ಅಂತ ನಾನೇ ಬರೆದಿದೀನಲ್ಲ, ಆಂಟಿ ಬೇಡ ಅನ್ನೋ ಹಾಗಿಲ್ಲ."