ಕಜ್ಜಾಯದ ಮೊಕದ್ದಮೆ

ಚಂದ್ರಿ, ಮಧು, ಇವತ್ತು ಬೆಳಗ್ಗೆ ನಾನು ಕಜ್ಜಾಯ ಕರಿಯುತ್ತಿದ್ದಾಗ ಚಂದ್ರಿ ಹೊಸಿಲ ಮೇಲೆ ಕೂರಬೇಡವೆಂದರೂ ಅಲ್ಲೇ ಕುಳಿತು, ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳಲ್ಲ, ಆಗ ನಾನು ಒಬ್ಬಳೇ ನಕ್ಕೆ. ಯಾಕಜ್ಜಿ ಎಂದಿರಿ. ಬಾಯಲ್ಲಿ ಹೇಳಲು ಈಗಲೂ ನಾಚಿಕೆ. ಬರೆದು ಕೊಡುತ್ತೇನೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನು ಬೆಟ್ಟದಪುರದ ಈ ಮನೆಗೆ ಹೊಸ ಸೊಸೆ. ನಿಮ್ಮ ತಾತ ಬಿ.ಎ. ಮುಗಿಸಿ ಲಾಯರಾಗುವ ಹುಚ್ಚು ಹಿಡಿಸಿಕೊಂಡಿದ್ದರು. ಅವರು ಸೇರಬೇಕೆಂದಿದ್ದ ಮೈಸೂರಿನ ಕಾಲೇಜಿನಲ್ಲಿ ಮೊದಲು ಒಂದು ಪರೀಕ್ಷೆ ಬರೆಯಬೇಕಿತ್ತು. ಅದಕ್ಕಾಗಿ ಉಳುವಾಗಲೂ ಎತ್ತುಗಳೆರಡನ್ನು ವಾದಿ, ಪ್ರತಿವಾದಿ ಮಾಡಿಕೊಂಡು ವಾದಿಸುತ್ತಿದ್ದರು. ನೇಗಿಲ ಸಾಲು ಹಾವಿನಂತೆ ಹೊರಳುತ್ತಿತ್ತು.

ಅರ್ಜಿಗೆ ಮೇಷ್ಟ್ರಿಂದ ನಡತೆಯ ಪತ್ರ ಬಂತು. ಇನ್ನು ಬೇಕಾದದ್ದು ಫೋಟೋ ಮತ್ತು ತಂದೆಯ ರುಜು. ಮಾವನವರು ಹೊಗೆಸೊಪ್ಪಿನ ಹೊಲ ಬಿಟ್ಟು ಹೋಗುವ ಮಗನಿಗೆ ಸುಲಭವಾಗಿ ರುಜು ಹಾಕುವವರಲ್ಲ. "ಲೇ, ನಿನ್ನ ಮಾತ್ಗೆ ಎತ್ತೇ ತಲೆ ಅಳ್ಳಾಡ್ಸಲ್ಲ, ಜಡ್ಜು ಅಳ್ಳಾಡ್ಸಾನಾ?" ಎನ್ನುತ್ತಿದ್ದರು.

ತಾತ ಮೊಣಕಾಲು ಮುಟ್ಟುವ ಎರವಲು ಕೋಟು ತೊಟ್ಟು ಫೋಟೋ ತೆಗೆಸಲು ಪಿರಿಯಾಪಟ್ಟಣಕ್ಕೆ ಹೋದ ದಿನವೇ ಅತ್ತೆಯ ಕಜ್ಜಾಯದ ಗಡಿಗೆ ಅರ್ಧ ಖಾಲಿಯಾಯಿತು. ಓದುವಾಗೆಲ್ಲ ಬಾಯಾಡಿಸುವ ಚಾಳಿಯಿದ್ದ ಮಗನ ಮೇಲೇ ಅತ್ತೆಗೆ ಗುಮಾನಿ. ಬೆಳಗ್ಗೆ ಹೊರಡುವಾಗಲೇ ಕೋಟಿನ ಜೇಬಿಗೆ ತುಂಬಿಕೊಂಡು ಹೋಗಿದ್ದಾನೆ ಎಂದು ಸಂಜೆ ತಾತ ಜಗಲಿ ಹತ್ತುತ್ತಲೇ ಅತ್ತೆ ಹಿಡಿದುಕೊಂಡರು. ಮಾವ ಜಗಲಿಯ ಮೇಲೆ ಜಡ್ಜಾಗಿ ಕುಳಿತು, "ಈ ನ್ಯಾಯ ಗೆದ್ರೆ ರುಜು, ಸೋತ್ರೆ ನೇಗ್ಲು" ಎಂದರು.

ಸಾಕ್ಷಿ ನಾನೊಬ್ಬಳೇ. ಮಧ್ಯಾಹ್ನ ಅಡುಗೆಮನೆಯಲ್ಲಿದ್ದವಳು, ಎಲ್ಲವನ್ನೂ ನೋಡಿದವಳು. ಈಗ ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಿಂತು, ಗಡಿಗೆಗೆ ಕೈ ಬಿದ್ದದ್ದು ಮಧ್ಯಾಹ್ನ ಎಂದಷ್ಟೇ ಹೇಳಿದ್ದೆ.

"ಗಡಿಗೆ ಮುಚ್ಚಳ ತೆಗೆದಿದ್ದು ಬೆಕ್ಕಾ?" ತಾತ ನನ್ನನ್ನು ಕೇಳಿದರು.

"ಅಲ್ಲ."

"ಆಳುಗಳಾ?"

"ಅಲ್ಲ."

"ಮತ್ತೆ ಯಾರು? ಹೆಸ್ರೇಳು."

ಹೇಗೆ ಹೇಳಲಿ? ನನ್ನ ಬಳೆಗಳು ಮಾತ್ರ ಸದ್ದು ಮಾಡಿದವು. ಅತ್ತೆ ತೊಡೆ ತಟ್ಟಿಕೊಂಡರು. "ಗಂಡನ ಹೆಸ್ರ ಹೆಂಡ್ತಿ ಹೆಂಗೆ ಹೇಳಾಳು? ಇವ್ನೇ ಕಣ ಕಳ್ಳ."

ಮಾವ ನಿಟ್ಟುಸಿರು ಬಿಟ್ಟು ತೀರ್ಪಿಗೆ ಬಾಯಿ ತೆರೆದರು. ತಾತ ಕೋಟು ಸರಿಮಾಡಿಕೊಂಡರು.

"ಮಹಾಸ್ವಾಮಿ, ಒಂದು ಅರಿಕೆ. ಈ ಮನೇಲಿ ಇವಳು ಹೆಸ್ರೇಳ್ದೆ ಇರೋ ಗಂಡಸ್ರು ಇಬ್ರು. ಒಬ್ಬ ಮಧ್ಯಾಹ್ನ ಪಿರಿಯಾಪಟ್ಣದಲ್ಲಿ ಫೋಟೋಕ್ಕೆ ನಿಂತಿದ್ದ. ಇನ್ನೊಬ್ರು ಜಡ್ಜಾಗಿ ಕುಂತವ್ರೆ."

ವೈದ್ಯರು ಮಾವನಿಗೆ ಬೆಲ್ಲ ಮುಟ್ಟಬಾರದೆಂದು ಹೇಳಿದ್ದು ಆಗ ಅತ್ತೆಗೆ ನೆನಪಾಯಿತು. ದೀಪ ತಂದು ಗಂಡನ ಮೀಸೆಗೆ ಹಿಡಿದರು. ಮೀಸೆಯ ಕೂದಲಲ್ಲಿ ಕಜ್ಜಾಯದ ಎಳ್ಳು.

ಮಾವ ಎತ್ತುಗಳ ಕಡೆಗೆ ನೋಡುತ್ತಾ ಹೆಬ್ಬೆರಳಿನಿಂದ ಮೀಸೆ ಒರೆಸಿಕೊಂಡರು. ಆಮೇಲೆ, "ತಾ ಅತ್ಲಾಗೆ ಕಾಗ್ದ" ಎಂದರು. ಅರ್ಜಿಯ ಮೇಲೆ ರುಜುವಿನ ಪಕ್ಕದಲ್ಲೇ ಜಿಡ್ಡಿನ ಹೆಬ್ಬೆಟ್ಟೂ ಮೂಡಿತು. ಅದೇ ಅರ್ಜಿ ಮೈಸೂರಿಗೆ ಹೋಯಿತು. ನಿಮ್ಮ ತಾತ ಪರೀಕ್ಷೆಯಲ್ಲಿ ಪಾಸೂ ಆದರು. ಆದರೆ ಅಷ್ಟು ಕಟ್ಟುನಿಟ್ಟಾದ ಸಾಕ್ಷಿ ತಮಗೆ ಕೋರ್ಟಿನಲ್ಲಿ ಮತ್ತೆ ಸಿಗಲಿಲ್ಲ ಎಂದು ಕೊನೆಯವರೆಗೂ ನನ್ನನ್ನು ರೇಗಿಸುತ್ತಿದ್ದರು.

ಕಜ್ಜಾಯ ಕರಿದಾಗಿದೆ. ಗಡಿಗೆ ಅದೇ. ಈಗ ಈ ಮನೆಯಲ್ಲಿ ನಾನು ಹೆಸರು ಹೇಳಬಾರದವರು ಯಾರೂ ಉಳಿದಿಲ್ಲ. ಆದ್ದರಿಂದ ಮಧು, ಒಂದು ಕಡಿಮೆಯಾದರೂ ಥಟ್ಟನೆ ಹೇಳಿಬಿಡುತ್ತೇನೆ. ಚಂದ್ರಿ, ನಿನ್ನ ಅರ್ಜಿಯ ಜೊತೆಗೆ ಈ ಹಾಳೆಗಳನ್ನೂ ಜೋಪಾನವಾಗಿಡು. ಜಿಡ್ಡು ತಾಗಿದರೆ ತಾಗಲಿ, ಈ ಮನೆಯ ಕಾಗದಗಳಿಗೆ ಅದು ರೂಢಿ.