ಗಂಗವ್ವ ಮುಟ್ಟದ ರೊಟ್ಟಿ

ಬಸ್ಸಿನಿಂದ ಇಳಿಯುವ ಮೊದಲೇ ನನ್ನ ಹೆಂಡತಿ ಗಂಗವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಏನ್ ಸತ್ತೈತ್ರೀ ಈ ಊರಾಗ?" ಎಂದಳು. ಆ ವಾಸನೆಯೇ ಶಿಡ್ಲಘಟ್ಟದ ಹೊಟ್ಟೆಪಾಡು. ರೇಷ್ಮೆಗೂಡನ್ನು ಕುದಿಯುವ ನೀರಿಗೆ ಹಾಕಿ ನೂಲು ಎಳೆದ ಮೇಲೆ ಒಳಗಿನ ಹುಳು ಬೆಂದು ಉಳಿಯುತ್ತದೆ. ಓಣಿ ಓಣಿಯಲ್ಲಿ ರಾಶಿ ಬಿದ್ದು ನಾರುತ್ತದೆ. ನಮ್ಮ ಬಾಗಲಕೋಟೆ ಕಡೆ ಮಗ್ಗಕ್ಕೆ ಏರಿಸುವ ನುಣುಪು ರೇಷ್ಮೆ ಹುಟ್ಟುವುದು ಇಂಥ ನಾತದಲ್ಲಿ ಎಂದು ಊರಲ್ಲೇ ಉಳಿದ ನಿಮಗೂ ಗೊತ್ತಿರಲಿಕ್ಕಿಲ್ಲ. ನನಗಂತೂ ಗೊತ್ತಿರಲಿಲ್ಲ.

ರಾಜ್ಯ ಒಂದಾದ ಮರುವರ್ಷ ನಾವು ಬಂದೆವು. ಊರಲ್ಲಿ ಮಗ್ಗ ನಿಂತಿತ್ತು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು, ಆದರೆ ಕೆಲಸದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಒಂದೇ ತಿಂಗಳಲ್ಲಿ ಕುದಿನೀರಿನಲ್ಲಿ ಬೆರಳಾಡಿಸಿ ಗೂಡಿನ ಎಳೆಯ ತುದಿ ಹಿಡಿಯುವುದನ್ನು ಕಲಿತೆ. "ನೀನು ಬಿಜಾಪುರದ ಕಡೆಯೋನಾದ್ರೂ ಕೈ ಮಾತ್ರ ನಮ್ ಊರಿಂದೇ ಕಣಯ್ಯ" ಎಂದು ಯಜಮಾನರು ಹೇಳಿದ ದಿನ ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಮನೆಯೆಂದರೆ ನೂಲು ಬಿಚ್ಚುವ ಕೊಟ್ಟಿಗೆಯ ಹಿಂದಿನ ಒಂದು ಕೋಣೆ. ಪಕ್ಕದ ಮನೆಯಲ್ಲಿ ವೆಂಕಟಮ್ಮ. ದಿಬ್ಬೂರಹಳ್ಳಿಯಿಂದ ಮದುವೆಯಾಗಿ ಬಂದವಳು, ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವವಳು. ಇಲ್ಲಿ ಊಟವೆಂದರೆ ಮುದ್ದೆ. ರಾಗಿ ಹಿಟ್ಟನ್ನು ಬೇಯಿಸಿ, ಕೋಲಿನಿಂದ ತೊಳಸಿ, ಚೆಂಡು ಕಟ್ಟುತ್ತಾರೆ. ತುಂಡು ಮುರಿದು ಸಾರಿಗೆ ಅದ್ದಿ ನುಂಗಬೇಕು, ಅಗಿಯುವ ಹಾಗಿಲ್ಲ. ನಮ್ಮಲ್ಲಿ ಒಣಗಿಸಿಟ್ಟ ಜೋಳದ ಕಟಿರೊಟ್ಟಿ ಮುರಿದರೆ ಪಡಸಾಲೆಗೆ ಕೇಳುತ್ತದೆ. ಇಲ್ಲಿ ಮನೆ ತುಂಬ ಜನ ಉಂಡೆದ್ದರೂ ಸದ್ದಿಲ್ಲ. ನಾನು ಅಗಿಯುವುದನ್ನು ಕಂಡು ವೆಂಕಟಮ್ಮ, "ಎತ್ತು ಮೆಲುಕು ಹಾಕ್ದಂಗೆ ಹಾಕ್ತೀಯಲ್ಲಪ್ಪೋ, ನುಂಗು!" ಎಂದು ನಕ್ಕಿದ್ದಳು.

ಗಂಗವ್ವ ಬಸುರಾಗಿ ಮೂರು ತಿಂಗಳಾಗುವಷ್ಟರಲ್ಲಿ ಅವಳ ಊಟ ನಿಂತುಹೋಯಿತು. ಎದ್ದು ಒಲೆ ಹಚ್ಚುವ ಶಕ್ತಿಯೂ ಅವಳಿಗಿಲ್ಲ; ಕೆಲಸದ ನಡುವೆ ಓಡಿಬಂದು ನಾನೇ ಬೇಯಿಸಿ, ತುತ್ತು ಮಾಡಿ ಬಾಯಿಗೆ ಇಡುತ್ತಿದ್ದೆ. ತುಟಿಗೆ ತಾಗುವ ಮೊದಲೇ ಓಕರಿಕೆ. ಬರಬರುತ್ತ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಸೂಲಗಿತ್ತಿ ನೋಡಿ, "ಹಿಂಗೇ ಆದ್ರೆ ಎರಡು ಜೀವಾನೂ ದಕ್ಕಲ್ಲ ಕಣಪ್ಪ" ಎಂದಳು. ವೆಂಕಟಮ್ಮ ಬಾಗಿಲಿಗೆ ಬಟ್ಟಲು ತಂದಾಗಲೆಲ್ಲ ನಾನು ಹಿಂದಕ್ಕೆ ಕಳುಹಿಸಿದೆ. ನನ್ನ ಹೆಂಡತಿಗೆ ಉಣಿಸಲು ನನಗೆ ಕೈಯಿಲ್ಲವೇ? ತಪ್ಪೆಲ್ಲ ರಾಗಿಯದು, ಜೋಳ ಸಿಕ್ಕರೆ ಬದುಕುತ್ತಾಳೆ ಎಂದು ತೀರ್ಮಾನಿಸಿಬಿಟ್ಟೆ.

ಶಿಡ್ಲಘಟ್ಟದಲ್ಲಿ ಸಿಗಲಿಲ್ಲ. ಚಿಂತಾಮಣಿಯ ಅಂಗಡಿಯವನು, "ಯಾಕೆ, ಕೋಳಿ ಸಾಕಿದೀರಾ?" ಎಂದು ಕೇಳಿದ. ಹೊಡೆಯಬೇಕೆನ್ನಿಸಿತು. ಕೊನೆಗೆ ಗೌರಿಬಿದನೂರಿನ ಸಂತೆಯಲ್ಲಿ ಹಿಂದೂಪುರದ ಕಡೆಯ ಮುದುಕಿಯೊಬ್ಬಳ ಮುಂದೆ ಬಿಳಿಜೋಳ ಕಂಡಿತು. ಅವಳು ಅದನ್ನು ಜೊನ್ನಲು ಎಂದಳು. ಒಂದು ಹಿಡಿ ಎತ್ತಿಕೊಂಡು, ಅಷ್ಟು ಜನರ ನಡುವೆ, ನಾನು ಅತ್ತುಬಿಟ್ಟೆ.

ಗಂಡಸು ರೊಟ್ಟಿ ಬಡಿದದ್ದನ್ನು ನಮ್ಮೂರಲ್ಲಿ ಯಾರು ಕಂಡಿದ್ದೀರಿ? ನಾನು ಬಡಿದೆ. ಹಿಟ್ಟಿಗೆ ಕುದಿಯುವ ಎಸರು ಹೊಯ್ದು ಆರುವ ಮೊದಲೇ ನಾದಿದೆ; ನನ್ನ ಬೆರಳಿಗೆ ಆ ಬಿಸಿ ಏನೂ ಅಲ್ಲ. ಎರಡು ಹರಿದವು. ಮೂರನೆಯದು ಹಂಚಿನ ಮೇಲೆ ಉಬ್ಬಿತು. ಚೂರು ಮುರಿದು, ಶೇಂಗಾ ಚಟ್ನಿ ಹಚ್ಚಿ, ಗಂಗವ್ವನ ಬಾಯಿಯ ಹತ್ತಿರ ಹಿಡಿದೆ.

ಅವಳು ಗೋಡೆಯ ಕಡೆ ತಿರುಗಿ ವಾಂತಿ ಮಾಡಿಕೊಂಡಳು. ಬಂದದ್ದು ಬರೀ ನೀರು.

"ಇದಕಿಂತ ಏನ್ ತರಲಿ? ಏನ್ ಬೇಕು ನಿನಗ?" ಎಂದು ಚೀರಿದೆ.

ನನ್ನ ಕೂಗಿಗೆ ವೆಂಕಟಮ್ಮ ಓಡಿಬಂದಳು. ರೊಟ್ಟಿ ನೋಡಿದಳು, ಗಂಗವ್ವನನ್ನು ನೋಡಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದು ನನ್ನ ಅಂಗೈಯನ್ನು ನನ್ನ ಮೂಗಿಗೇ ಒತ್ತಿದಳು.

"ಮೂಸ್ಕೊ."

"ಏನೂ ಇಲ್ಲಲ್ಲ."

"ನಿಂಗೆಲ್ಲಿ ಗೊತ್ತಾಯ್ತದೆ, ನಿನ್ ಮೂಗು ಸತ್ತೋಗೈತೆ. ಬೆಂದ ಹುಳದ ವಾಸ್ನೆ ಕಣೋ! ನಮ್ಮನೆಯೋನೂ ನೂಲು ಬಿಚ್ಚೋನೇ. ಬಸುರೀಲಿ ಅವನ ಕೈನ ನನ್ ತಟ್ಟೆ ಹತ್ರಕ್ಕೇ ಬಿಡ್ತಿರ್ಲಿಲ್ಲ. ಈ ಊರಾಗೆ ಯಾರೂ ಬಿಡಲ್ಲ. ಪಾಪ ಆಯಮ್ಮ ನಿಂಗೆ ಹೆಂಗೆ ಹೇಳ್ತಾಳೆ? ಆ ಕೈ ನೋಡ್ಕೊಂಡೇ ಮೆರೀತೀಯ."

ಗಂಗವ್ವನ ಕಡೆ ನೋಡಿದೆ. "ಹೌದ್ರಿ" ಎಂದಳು, ತಪ್ಪು ತನ್ನದೇ ಎಂಬಂತೆ.

ವೆಂಕಟಮ್ಮ ತನ್ನ ಮನೆಯಿಂದ ಮುದ್ದೆ ಮತ್ತು ಉಪ್ಪೆಸರು ತಂದಳು. ಸೊಪ್ಪು ಕಾಳು ಬೆಂದ ನೀರಿಗೆ ಉಪ್ಪು ಖಾರ ಬೆರೆಸುವ ಬಡವರ ಸಾರು ಅದು. "ನೀನು ಆಚೆ ನಿಂತ್ಕೊ ಹೋಗಪ್ಪ" ಎಂದಳು. ಬಾಗಿಲ ಹೊರಗೆ ನಿಂತೆ. ಒಳಗೆ ಸಪ್ಪಳವಿಲ್ಲ. ತಿನ್ನುತ್ತಿದ್ದಾಳೋ ಇಲ್ಲವೋ ತಿಳಿಯದು, ಒಳಗೆ ಇಣುಕುವ ಧೈರ್ಯವಿಲ್ಲ. ಎಷ್ಟೋ ಹೊತ್ತಿನ ಮೇಲೆ ಗಂಗವ್ವನ ದನಿ ಕೇಳಿತು: "ಇನ್ನೊಂದೀಟು ಸಾರು ಹಾಕ್ರೀ ಯಕ್ಕಾ."

ನಾನು ಬಾಗಿಲ ಆಚೆಯೇ ಕುಳಿತುಬಿಟ್ಟೆ. ಅವಳು ಉಳಿದಳು ಎಂಬ ಸಂತೋಷಕ್ಕೋ, ಉಳಿಸಿದ್ದು ನಾನಲ್ಲ ಎಂಬ ಅವಮಾನಕ್ಕೋ, ಇಂದಿಗೂ ಹೇಳಲಾರೆ.

ಹೆಣ್ಣು ಹುಟ್ಟಿತು. ಸೀಗೆಕಾಯಿ, ಬೂದಿ, ಹುಣಸೆಹಣ್ಣು ಎಲ್ಲ ಹಾಕಿ ಕೈ ಉಜ್ಜಿದೆ. ಚರ್ಮ ಹೋಯಿತು, ವಾಸನೆ ಹೋಗಲಿಲ್ಲವಂತೆ. ಕೆಲಸ ಬಿಡೋಣವೆಂದರೆ ಬೇರೆ ವಿದ್ಯೆಯಿಲ್ಲ. ಮಗಳಿಗೆ ಮೊದಲ ತುತ್ತು ಇಟ್ಟವಳು ವೆಂಕಟಮ್ಮ. ಈಗ ಮಗಳು "ನಂಗೆ ಮುದ್ದೆ ಬೇಕು ಕಣಮ್ಮ" ಎನ್ನುತ್ತಾಳೆ, ಗಂಗವ್ವ ಇಲ್ಲಿಯವರ ಹಾಗೆಯೇ ಮುದ್ದೆ ತೊಳಸುತ್ತಾಳೆ. ನಾನೊಬ್ಬನೇ ಇನ್ನೂ ನಿಮ್ಮೂರಿನವನು ಎಂದುಕೊಂಡಿದ್ದೆ.

ಹೋದ ಪಂಚಮಿಗೆ ಊರಿಗೆ ಬಂದಿದ್ದೆನಲ್ಲ. ಪಂಕ್ತಿಯಲ್ಲಿ ಬಡಿಸುತ್ತಿದ್ದವಳು ತಮ್ಮನ ಹೆಂಡತಿ, ತುಂಬಿದ ಬಸುರಿ. ನನ್ನ ಮುಂದೆ ಬಗ್ಗಿದವಳು ತಟ್ಟನೆ ಮುಖ ತಿರುಗಿಸಿ ಒಳಗೆ ಹೋದಳು. ಅರ್ಧ ರೊಟ್ಟಿ ಬಿಟ್ಟು ಎದ್ದೆ.

"ಯಾಕೋ ಮಗನ, ಆ ಕಡೆ ಹ್ವಾದ ಮ್ಯಾಲ ರೊಟ್ಟಿ ಸೇರದಂಗಾತೇನು ನಿನಗ?" ಎಂದು ಅವ್ವ ಕೇಳಿದಳು.

"ಹೂನವ್ವ" ಎಂದೆ.