ಇಳಿಜಾರಿನ ಕೆಳಗೆ ಅಕ್ಕನ ಸಹಿ

ಹೋದ ವರ್ಷ ಸೆಪ್ಟೆಂಬರ್ ಕೊನೆಯ ಶನಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ಕೋಥರೂಡದ ನಮ್ಮ ಪ್ರವಾಸ ಕಚೇರಿಯಲ್ಲಿ, ಜೆರಾಕ್ಸ್ ಯಂತ್ರದ ಎಡಗಡೆ ನಿಂತಿದ್ದೆ. ಗಡಿಯಾರ ಎದುರಿಗೇ ಇತ್ತು, ಸಮಯದಲ್ಲಿ ತಪ್ಪಿಲ್ಲ. ಅಕ್ಕ ರಜೆಯಲ್ಲಿದ್ದರು. ಅವರ ಮೇಜಿನ ಕೆಳಗೆ ಅವರ ಕಪ್ಪು ಕ್ಯಾನ್ವಾಸ್ ಬೂಟುಗಳಿದ್ದವು. ಎರಡರ ಹಿಮ್ಮಡಿಯೂ ಹೊರಮಗ್ಗುಲಿಗೆ ಸವೆದು ವಾಲಿತ್ತು. ಬಲಗಾಲಿನದಕ್ಕೆ ಸೈಕಲ್ ಟ್ಯೂಬಿನ ತೇಪೆ.

ಆ ಬೂಟು ಸವೆದ ಬಗೆ ಹೇಳಿದರೆ ಅಕ್ಕ ಯಾರೆಂದು ತಿಳಿಯುತ್ತದೆ. ವಿಜಯಪುರದ ಕಡೆಯವರು, ಮದುವೆಯಾಗಿ ಪುಣೆಗೆ ಬಂದವರು, ಗಂಡ ತೀರಿದ ಮೇಲೆ ಈ ಕಚೇರಿ ಸೇರಿದವರು. ನನಗೆ ಟಿಕೆಟ್ ಮಾಡುವುದನ್ನು ಕಲಿಸಿದ್ದೂ, ಬಾಡಿಗೆ ಕೋಣೆ ಹುಡುಕಿಕೊಟ್ಟಿದ್ದೂ ಅವರೇ. ವಯಸ್ಸಾದ ಗಿರಾಕಿ ಬಂದರೆ ಯಾವ ಊರಿಗೆ ಪ್ರವಾಸ ಎಂಬ ಮಾತೇ ಮೊದಲು ಎತ್ತುತ್ತಿರಲಿಲ್ಲ. "ನಾಳೆ ಮುಂಜಾನೆ ಆರೂವರಿಗೆ ಟೇಕಡಿ ಬುಡಕ ಬರ್ರಿ, ನಡೆಯೂದು ನೋಡ್ತೀನಿ," ಎನ್ನುತ್ತಿದ್ದರು. ಸೀರೆಯ ಕೆಳಗೆ ಆ ಬೂಟು ಹಾಕಿಕೊಂಡು ಏಳು ದಿನ ಅವರ ಜತೆ ಆ ಟೇಕಡಿ ಗುಡ್ಡ ಹತ್ತಿ ಇಳಿಯುತ್ತಿದ್ದರು. ಯಾರು ಎಲ್ಲಿ ಕೂತರು, ಯಾರ ಮೊಣಕಾಲು ಏರಿಗೆ ಸೋತಿತು, ಯಾರದು ಇಳಿತಕ್ಕೆ, ಎಲ್ಲ ಬರೆದುಕೊಂಡು ಆಮೇಲೆ ಊರು ಆರಿಸುತ್ತಿದ್ದರು. ಪ್ರವಾಸದ ಹಾಳೆಯ ಕೆಳಗೆ 'ಜತೆಗೆ ನಡೆದು ನೋಡಿದ್ದೇನೆ' ಎಂದು ಮರಾಠಿಯಲ್ಲಿ ಬರೆದು ಸಹಿ ಮಾಡುವರು. ಸಹಿ ಇಲ್ಲದೆ ಯಾರೂ ಹೊರಡುತ್ತಿರಲಿಲ್ಲ.

ಆ ವರ್ಷ ಹನ್ನೊಂದು ಜನ ಹಿರಿಯರ ಗುಂಪೊಂದು ಬಂತು. ನವೆಂಬರ್ ಕೊನೆಯ ವಾರ ಯುರೋಪಿಗೆ ಹೋಗಬೇಕು, ಚಳಿ ಕಡಿಮೆ ಇರಬೇಕು, ಬಸ್ಸಿನ ಕಿಟಕಿಯಿಂದಲ್ಲ, ನಡೆದು ನೋಡಬೇಕು ಎಂದರು. ಧಾರವಾಡದ ಕಾಕಾ ಒಬ್ಬರಿಗೆ ಮಾತ್ರ ಹಿಮ ಬೇಕಿತ್ತು, ಪ್ರಾಗ್‌ಗೆ ಹೋಗೋಣ ಎಂದರು.

"ಹಿಮಾ ಫ್ರಿಜ್ಜಿನ್ಯಾಗ ಅದರೀ ಕಾಕಾ, ಬಾಗಲಾ ತಗದು ನೋಡ್ರಿ," ಎಂದರು ಅಕ್ಕ. "ಪ್ರಾಗ್‌ನ್ಯಾಗ ಆಗ ನಾಲ್ಕಕ್ಕೇ ಕತ್ತಲಾಗತದ. ಕಂಬಳಿ ಹೊತ್ಕೊಂಡು ಏನ್ ನೋಡಾವ್ರು?"

ವೆನಿಸ್ ಬೇಡ ಎಂದರು, ಸೇತುವೆಗೊಂದು ಮೆಟ್ಟಿಲ ಸಾಲು, ಆ ತಿಂಗಳು ನೀರೂ ಏರುತ್ತದೆ. ಲಿಸ್ಬನ್ ಹದವಾದ ಹವೆಯ ಊರೇ, ಆದರೆ ಅಲ್ಲಿ ಬರೀ ಏರಿಳಿತ, ಮಳೆ ಬಿದ್ದರೆ ಕಲ್ಲುಹಾಸು ಜಾರುತ್ತದೆ. ಆ ಗುಂಪಿನಲ್ಲಿ ಬೆಳಗಾವಿಯ ಆಜಿ ಒಬ್ಬರಿದ್ದರು. ಟೇಕಡಿ ಹತ್ತುವಾಗ ಎಲ್ಲರಿಗಿಂತ ಮುಂದು, ಇಳಿಯುವಾಗ ಮಾತ್ರ ಅಕ್ಕನ ಹೆಗಲು ಬಿಡುತ್ತಿರಲಿಲ್ಲ. ಅವರಿಗಾಗಿ ಅಕ್ಕ ಇಳಿಜಾರಿನ ಊರುಗಳನ್ನೆಲ್ಲ ಹೊಡೆದುಹಾಕಿ ವೇಲೆನ್ಸಿಯಾ ಆರಿಸಿದರು. ಸಪಾಟು ಊರು, ಹಳೆಯ ನದಿಯ ಪಾತ್ರವೇ ತೋಟವಾಗಿ ಊರ ನಡುವೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ಆ ದಾರಿಯ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ, "ಕೂಡಲಿಕ್ಕೆ ಬೆಂಚು ಬೇಕಾದಷ್ಟು ಅದಾವ, ಸ್ವೆಟರ್ ಒಂದಿದ್ರ ಸಾಕು," ಎಂದು ಸಹಿ ಹಾಕಿದರು. ಮರುದಿನ ತಂಗಿಯ ಆಪರೇಷನ್ನಿಗೆಂದು ಎರಡು ತಿಂಗಳು ವಿಜಯಪುರಕ್ಕೆ ಹೋದರು.

ಇನ್ನು ಆ ಶನಿವಾರ. ಕಚೇರಿಯ ಮಾಲೀಕ ಲಿಸ್ಬನ್ನಿನಲ್ಲಿ ಮೊದಲೇ ಹಿಡಿದಿಟ್ಟ ಹೋಟೆಲ್ ಕೋಣೆಗಳು ಖಾಲಿ ಉಳಿದಿದ್ದವು. ಅವನು ಅಕ್ಕನ ಹಾಳೆಯ ಕೆಳಗೆ ಸಹಿಯಿದ್ದ ಪಟ್ಟಿಯನ್ನು ಕತ್ತರಿಸಿ, ಲಿಸ್ಬನ್ನಿನ ಹಾಳೆಯ ಕೆಳತುದಿಗೆ ಇಟ್ಟು, ಜೆರಾಕ್ಸ್ ಗಾಜಿನ ಮೇಲೆ ಮಗುಚಿದ.

"ಹನ್ನೊಂದು ತಗಿ."

"ಅಕ್ಕಾರಿಗೆ ಹೇಳೀರೇನ್ರಿ?"

"ನಾ ಹೇಳ್ತೀನಿ. ನೀ ಬಟನ್ ಒತ್ತು."

ಒತ್ತಿದೆ. ಅಕ್ಕನ ನಂಬರು ನನ್ನ ಜೇಬಿನಲ್ಲಿತ್ತು, ಫೋನು ಮಾಡಲಿಲ್ಲ. ಅವನು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಗುಂಪಿನವರಿಗೆ ಅವನು, ಅಕ್ಕನೇ ಯೋಚಿಸಿ ಊರು ಬದಲಿಸಿದ್ದಾರೆ, ತಂಗಿಯ ಚಿಂತೆಯಲ್ಲಿದ್ದಾರೆ, ಅವರನ್ನು ಕಾಡಬೇಡಿ ಎಂದ. ಸಹಿ ನೋಡಿ ಎಲ್ಲರೂ ಒಪ್ಪಿದರು.

ಲಿಸ್ಬನ್ನಿನಲ್ಲಿ ಮೂರನೆಯ ದಿನ ಮಳೆಯಲ್ಲಿ ಆಜಿ ಇಳಿಜಾರಿನ ಕಲ್ಲಿನ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು.

ಡಿಸೆಂಬರಿನಲ್ಲಿ ಅಕ್ಕ ಕೆಲಸಕ್ಕೆ ಮರಳಿದ ದಿನವೇ ಆಜಿಯ ಮಗ ಆ ಲಿಸ್ಬನ್ನಿನ ಹಾಳೆ ಹಿಡಿದು ಬಂದ. ಪುಣೆಯಲ್ಲೇ ಬೆಳೆದವನು, ಸಹಿ ಅವರದೋ ಅಲ್ಲವೋ ಎಂದು ಮರಾಠಿಯಲ್ಲೇ ಕೇಳಿದ: "ಹೀ ಸಹೀ ತುಮಚೀ ಆಹೇ ಕೀ ನಾಹೀ?" ಅಕ್ಕ ಕನ್ನಡಕ ಹಾಕಿ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗಿನ ತನಕ ಓದಿದರು.

"ಸಹಿ ನಂದು. ಊರು ನಂದಲ್ಲ."

"ವಯಸ್ಸಾತರೀ ಅಕ್ಕಾ, ಮರತಿರಬೇಕು," ಎಂದ ಮಾಲೀಕ, ನಗುತ್ತ.

ಅಕ್ಕ ನನ್ನ ಕಡೆ ತಿರುಗಿದರು. "ನೀ ಏನರೆ ನೋಡೀಯೇನಪಾ?"

ನಾನು "ಇಲ್ರಿ" ಎಂದೆ.

ಅವರು ಹಾಳೆಯನ್ನು ಮಡಿಸಿ ಆ ಮಗನ ಕೈಗೆ ಕೊಟ್ಟು ಹೊರಗೆ ಹೋದರು. ಆಮೇಲೆ ಟೇಕಡಿಯಲ್ಲಿ ಅವರ ಎದುರು ಸಿಕ್ಕವರು ದಾರಿ ಬದಲಿಸುತ್ತಿದ್ದರಂತೆ. ಜೂನ್‌ನಲ್ಲಿ ಹೃದಯ ನಿಂತು ತೀರಿಕೊಂಡರು. ವೈಕುಂಠ ಸ್ಮಶಾನಕ್ಕೆ ಆ ಹನ್ನೊಂದು ಮನೆಗಳಿಂದ ಯಾರೂ ಬರಲಿಲ್ಲ.

ಹದಿಮೂರನೆಯ ದಿನ ಕಳೆದ ಮೇಲೆ ನಾನು ಆಜಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ವಾಕರ್ ಹಿಡಿದು ನಿಂತೇ ಕೇಳಿದರು.

"ನಾ ಇಳಿಯಾಕ ಆಗದ ಮುದುಕಿ ಅನ್ನೂದು ಆಕಿ ಒಬ್ಬಾಕಿಗೇ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದಳು ಅಂತ ಆಕಿಗೆ ದಿನಾ ಶಾಪಾ ಹಾಕೀನಿ. ಇಷ್ಟ ದಿನಾ ಎಲ್ಲಿ ಸತ್ತಿದ್ಯೋ ನೀನು?"

ಕೆಲಸ ಬಿಟ್ಟೆ. ಆಜಿಯ ಮಗ ಹೂಡಿರುವ ದಾವೆಯಲ್ಲಿ ನನ್ನ ಹೇಳಿಕೆ ಬರೆದುಕೊಟ್ಟಿದ್ದೇನೆ. ಬಟನ್ ಒತ್ತಿದ್ದು ನಾನು ಎಂಬುದನ್ನೂ ಸೇರಿಸಿ. ಇದು ನ್ಯಾಯಕ್ಕಾಗಿ ಎಂದು ಹೇಳಿಕೊಳ್ಳುವುದಿಲ್ಲ. ಮಾಲೀಕ ಹೊಸ ಕಚೇರಿಯ ಗಾಜಿನ ಮೇಲೆ 'ಜತೆಗೆ ನಡೆದು ನೋಡಿ ಕಳಿಸುತ್ತೇವೆ' ಎಂದು ಬರೆಸಿದ್ದಾನೆ. ಅದನ್ನು ಅವನ ಕೈಯಿಂದಲೇ ಕೆರೆಸಬೇಕು, ಹನ್ನೊಂದು ಮನೆಯವರೂ ನಿಂತು ನೋಡಬೇಕು. ನನಗೆ ಬೇಕಾದದ್ದು ಅಷ್ಟು. ಸಿಗುವವರೆಗೆ ನಾನು ಸುಮ್ಮನಾಗುವುದಿಲ್ಲ.

ಜೆರಾಕ್ಸ್ ತೆಗೆದ ಆ ಮಧ್ಯಾಹ್ನ ಕಚೇರಿಯಲ್ಲಿ ನನ್ನ ಹೊರತು ಮೂವರಿದ್ದರು. ಚಹಾ ತಂದು ಬಾಗಿಲಲ್ಲಿ ನಿಂತಿದ್ದ ಕಚೇರಿ ಕೆಲಸದ ಮಾವಶಿ. ಈಗ ಮಗರಪಟ್ಟಾದ ಮನೆಯೊಂದರಲ್ಲಿ ಅಡುಗೆ ಮಾಡುತ್ತಾರೆ, ಕೋರ್ಟಿಗೆ ಕರೆದರೆ ಬಂದು ಹೇಳುತ್ತೇನೆ ಎಂದಿದ್ದಾರೆ. ಯಂತ್ರದ ಬಲಗಡೆ ಕೂತಿದ್ದ ಕ್ಯಾಶಿಯರು. ಈಗ ಭೋರ್‌ನಲ್ಲಿದ್ದಾರೆ, ನಾನು ಏನನ್ನೂ ಕೇಳುವ ಮೊದಲೇ "ನನಗೇನೂ ನೆನಪಿಲ್ಲ" ಎಂದರು. ಮೂರನೆಯವನು ಮಾಲೀಕ. ಮೂವರೂ ಬದುಕಿದ್ದಾರೆ.